ಓದುಗರ ಪ್ರಶ್ನೆ: ಹೆನ್ರಿ ಮೇಚಿನ್ ಬರೆದಿಟ್ಟ ಲಂಡನ್

ಟ್ಯೂಡರ್ ಅರಸರ ಕಾಲದ ಇಂಗ್ಲೆಂಡಿನ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಹಸ್ತಪ್ರತಿಯ ಸುತ್ತ ಇವೆ. ಆದ್ದರಿಂದ ಬೇರೆ ವಿಷಯಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಇವುಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಟ್ಯೂಡರ್ ಕಾಲದ ಬಗ್ಗೆ ಯಾವ ಪುಸ್ತಕ ತೆರೆದರೂ ಅಡಿಟಿಪ್ಪಣಿಯಲ್ಲಿ ‘ಮೇಚಿನ್ ದಿನಚರಿ’ ಎಂಬ ಹೆಸರು ಸಿಗುತ್ತದೆ. ಈ ಮೇಚಿನ್ ಯಾರು? ಅರಮನೆಯಲ್ಲಿ ಇದ್ದವನೇ? ಅವನ ಸ್ವಂತ ದಿನಚರಿಗೆ ಇತಿಹಾಸಕಾರರು ಇಷ್ಟೊಂದು ಬೆಲೆ ಕೊಡುವುದು ಏಕೆ?

ಉತ್ತರ: ಹೆನ್ರಿ ಮೇಚಿನ್ ಅರಮನೆಯವನಲ್ಲ. ಅರಮನೆಯ ಮೆರವಣಿಗೆ ಹೊರಟಾಗ ಬೀದಿಯ ಬದಿಯಲ್ಲಿ ನಿಂತು ನೋಡುತ್ತಿದ್ದವನು. ಆತ ಲಂಡನ್ ನಗರದ ಪೌರ, ಮರ್ಚೆಂಟ್ ಟೇಲರ್ಸ್ ಎಂಬ ದೊಡ್ಡ ವೃತ್ತಿಸಂಘದ ಸದಸ್ಯ, ಹೋಲಿ ಟ್ರಿನಿಟಿ ದ ಲೆಸ್ ಎಂಬ ಚಿಕ್ಕ ಚರ್ಚಿನ ಗುಮಾಸ್ತ. 1550ರ ಜುಲೈಯಿಂದ 1563ರ ಆಗಸ್ಟ್‌ವರೆಗೆ, ಅಂದರೆ 13 ವರ್ಷಗಳ ಕಾಲ, ಊರಿನಲ್ಲಿ ಕಂಡದ್ದನ್ನೂ ಕೇಳಿದ್ದನ್ನೂ ಬರೆದಿಟ್ಟ. ಆ 13 ವರ್ಷಗಳಲ್ಲಿ ಆರನೇ ಎಡ್ವರ್ಡ್, ಮೇರಿ, ಎಲಿಜಬೆತ್ ಎಂಬ ಮೂವರು ಸಿಂಹಾಸನದಲ್ಲಿ ಕುಳಿತರು. ನಡುವೆ ಕೆಲವೇ ದಿನ ಲೇಡಿ ಜೇನ್ ಗ್ರೇ ಹೆಸರಿನಲ್ಲೂ ಡಂಗುರ ಹೊಡೆಯಲಾಯಿತು. ದೇಶದ ಧರ್ಮ ಪ್ರಾಟೆಸ್ಟೆಂಟ್ ಇದ್ದದ್ದು ಕ್ಯಾಥೊಲಿಕ್ ಆಗಿ, ಮತ್ತೆ ಪ್ರಾಟೆಸ್ಟೆಂಟ್ ಆಯಿತು. ಇಂಥ ಕಾಲದಲ್ಲಿ ರಾಜತಾಂತ್ರಿಕರೂ ಪಾದ್ರಿಗಳೂ ಬರೆದದ್ದು ಬೇಕಾದಷ್ಟಿದೆ. ಪೇಟೆಯ ಒಬ್ಬ ಸಾಮಾನ್ಯ ವ್ಯಾಪಾರಿ ಬರೆದದ್ದು ಉಳಿದಿರುವುದು ಬಹಳ ಅಪರೂಪ.

ಆದರೆ ಅಪರೂಪ ಎಂಬ ಒಂದೇ ಕಾರಣಕ್ಕೆ ಅದಕ್ಕೆ ಬೆಲೆ ಬಂದಿಲ್ಲ. ಮೇಚಿನ್‌ನ ಕಸುಬನ್ನು ಗಮನಿಸಬೇಕು. ಅವನು ಉತ್ತರಕ್ರಿಯೆಯ ಮೆರವಣಿಗೆಗಳಿಗೆ ಸಾಮಗ್ರಿ ಒದಗಿಸುತ್ತಿದ್ದವನು. ಅಂದಿನ ಇಂಗ್ಲೆಂಡಿನಲ್ಲಿ ಕುಲೀನನೊಬ್ಬ, ಇಲ್ಲವೇ ನಗರದ ಹಿರಿಯ ಅಧಿಕಾರಿಯೊಬ್ಬ ಸತ್ತರೆ, ಅವನ ಶವಯಾತ್ರೆ ಹೇಗೆ ಹೊರಡಬೇಕು ಎಂಬುದಕ್ಕೆ ಅಂತಸ್ತಿನ ಕಟ್ಟುನಿಟ್ಟಾದ ಲೆಕ್ಕವಿತ್ತು. ಎಷ್ಟು ಮಂದಿ ಕಪ್ಪು ನಿಲುವಂಗಿ ತೊಟ್ಟು ನಡೆಯಬೇಕು, ಎಷ್ಟು ಪಂಜು ಉರಿಯಬೇಕು, ಮನೆತನದ ಲಾಂಛನ ಬರೆದ ಫಲಕಗಳು ಎಷ್ಟು ಡಜನ್ ಇರಬೇಕು, ಯಾವ ಬಾವುಟ ಮುಂದೆ ಯಾವುದು ಹಿಂದೆ ಎಂಬುದೆಲ್ಲ ವಂಶಲಾಂಛನಗಳ ಅಧಿಕಾರಿಗಳಾದ ಹೆರಾಲ್ಡರ ಕಣ್ಗಾವಲಿನಲ್ಲಿ ನಡೆಯುತ್ತಿತ್ತು. ಚರ್ಚಿನೊಳಗೆ ಶವಪೆಟ್ಟಿಗೆಯ ಮೇಲೆ ಮೇಣದ ಬತ್ತಿಗಳನ್ನು ನಿಲ್ಲಿಸಲು ಮರದ ಚೌಕಟ್ಟೊಂದನ್ನು ಕಟ್ಟುತ್ತಿದ್ದರು. ಅದನ್ನೇ ಅವರು ‘ಹರ್ಸ್’ ಎಂದು ಕರೆಯುತ್ತಿದ್ದರು. ಶವ ಸಾಗಿಸುವ ವಾಹನಕ್ಕೆ ಆ ಹೆಸರು ಅಂಟಿಕೊಂಡದ್ದು ಆಮೇಲೆ. ಮೇಚಿನ್‌ನ ಹಸ್ತಪ್ರತಿಯ ಬಹುಭಾಗ ಇಂಥ ಶವಯಾತ್ರೆಗಳ ವಿವರವೇ: ಸತ್ತವರ ಹೆಸರು, ಬಿಳಿ ಮೇಣದ ದೊಡ್ಡ ದೀಪಗಳು ಎಷ್ಟು, ಪಂಜುಗಳು ಎಷ್ಟು, ಫಲಕಗಳು ಎಷ್ಟು ಡಜನ್, ಪ್ರವಚನ ಮಾಡಿದವರು ಯಾರು, ‘ಆಮೇಲೆ ದೊಡ್ಡ ಊಟ’. ಮೊದಲ ಸಲ ಓದುವವರಿಗೆ ಇದು ಬೇಸರ ತರಿಸುತ್ತದೆ ಎಂಬುದನ್ನು ಮುಚ್ಚಿಡಲಾರೆ. ನಾನೂ ಎಷ್ಟೋ ಪುಟಗಳನ್ನು ಬೆರಳಿನಿಂದ ಸರಿಸಿಕೊಂಡು ಹೋದವನೇ.

ಆದರೆ ಬಾವುಟ ಎಣಿಸಿ ಎಣಿಸಿ ಪಳಗಿದ ಕಣ್ಣು ಬೇರೆಯದನ್ನೂ ಹಾಗೆಯೇ ಎಣಿಸುತ್ತದೆ. 1554ರ ಆರಂಭದಲ್ಲಿ ಸರ್ ಥಾಮಸ್ ವಯಟ್ ಎಂಬವನು ರಾಣಿ ಮೇರಿಯ ವಿರುದ್ಧ ದಂಗೆ ಎದ್ದು ಸೋತ. ಫೆಬ್ರವರಿ 12ರಂದು ಲೇಡಿ ಜೇನ್ ಗ್ರೇಯ ತಲೆ ಕಡಿಯಲಾಯಿತು. ಅದೇ ದಿನದ ಬರಹದಲ್ಲಿ ಮೇಚಿನ್ ಊರಿನ ಗಲ್ಲುಮರಗಳ ಪಟ್ಟಿ ಮಾಡಿದ್ದಾನೆ: ನಗರದ ಪ್ರತಿ ಬಾಗಿಲಿಗೂ ಹೊಸದು ಒಂದು, ಚೀಪ್‌ಸೈಡ್‌ನಲ್ಲಿ 2, ಫ್ಲೀಟ್ ಬೀದಿಯಲ್ಲಿ 2, ಸ್ಮಿತ್‌ಫೀಲ್ಡ್‌ನಲ್ಲಿ 1, ಹೋಬರ್ನ್‌ನಲ್ಲಿ 1, ಟವರ್ ಹಿಲ್‌ನಲ್ಲಿ 1, ಹೀಗೆ ಪಟ್ಟಿ ಹೈಡ್ ಪಾರ್ಕಿನ ಮೂಲೆಯವರೆಗೂ ನಡೆಯುತ್ತದೆ. ಭಯವಾಯಿತು, ಅಯ್ಯೋ ಅನ್ನಿಸಿತು ಎಂಬ ಒಂದು ಮಾತೂ ಇಲ್ಲ. ಸರಕಾರ ಊರನ್ನು ಹೆದರಿಸಲು ಏನು ಮಾಡಿತು ಎಂದು ತಿಳಿಯಬೇಕಾದ ಇತಿಹಾಸಕಾರನಿಗೆ ಈ ಪಟ್ಟಿಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಪ್ರಶ್ನೆ: ಮನಸ್ಸಿನ ಮಾತೇ ಇಲ್ಲದ ಬರಹವನ್ನು ದಿನಚರಿ ಎನ್ನಬಹುದೇ?

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ. ‘ದಿನಚರಿ’ ಎಂಬ ಹೆಸರು ಅವನು ಇಟ್ಟದ್ದಲ್ಲ. 1848ರಲ್ಲಿ ಕ್ಯಾಮ್ಡೆನ್ ಸೊಸೈಟಿಗಾಗಿ ಅದನ್ನು ಅಚ್ಚಿಗೆ ಸಿದ್ಧಪಡಿಸಿದ ಜಾನ್ ಗಾಫ್ ನಿಕೊಲ್ಸ್ ಇಟ್ಟದ್ದು. ಮೇಚಿನ್ ಅದನ್ನು ಕರೆದದ್ದು ‘ಕ್ರಾನಿಕಲ್’ ಎಂದು, ಅಂದರೆ ಊರಿನ ವೃತ್ತಾಂತ. ಪ್ರತಿ ರಾತ್ರಿ ಕುಳಿತು ತನ್ನ ಆಸೆ, ಅಸೂಯೆ, ಹೊಟ್ಟೆನೋವುಗಳನ್ನೆಲ್ಲ ಬರೆದುಕೊಳ್ಳುವ ದಿನಚರಿಯ ಮಾದರಿ ನಮ್ಮ ತಲೆಯಲ್ಲಿ ಕೂತಿರುವುದು ಸ್ಯಾಮ್ಯುಯೆಲ್ ಪೆಪಿಸ್‌ನಿಂದ. ಪೆಪಿಸ್ ಬರೆಯಲು ಕುಳಿತದ್ದು 1660ರಲ್ಲಿ, ಮೇಚಿನ್ ಮುಗಿಸಿ ಸುಮಾರು 100 ವರ್ಷಗಳ ನಂತರ. ಟ್ಯೂಡರ್ ಕಾಲದಲ್ಲಿ ದಿನಚರಿ ಎಂಬುದಕ್ಕೆ ಇನ್ನೂ ಒಂದು ರೂಪ ಗಟ್ಟಿಯಾಗಿರಲಿಲ್ಲ. ಜ್ಯೋತಿಷಿಯೂ ಗಣಿತಜ್ಞನೂ ಆಗಿದ್ದ ಜಾನ್ ಡೀ ಪಂಚಾಂಗದ ಪುಟಗಳ ಅಂಚಿನಲ್ಲಿ ಟಿಪ್ಪಣಿ ಗೀಚಿದ. ಫಿಲಿಪ್ ಹೆನ್ಸ್‌ಲೋನ ‘ದಿನಚರಿ’ ಎಂದರೆ ಅವನ ನಾಟಕಶಾಲೆಯ ಲೆಕ್ಕದ ಪುಸ್ತಕ. 1599ರಲ್ಲಿ ಬರೆಯಲು ತೊಡಗಿದ ಲೇಡಿ ಮಾರ್ಗರೆಟ್ ಹೋಬಿಗೆ ಅದು ದಿನದ ಪ್ರಾರ್ಥನೆಗಳ ಲೆಕ್ಕ. ಮೇಚಿನ್‌ಗೆ ಅದು ಊರಿನ ಲೆಕ್ಕ.

ಹಾಗೆಂದು ಅವನು ಪೂರ್ತಿಯಾಗಿ ಮರೆಯಾಗಿಲ್ಲ. 1557ರ ಜುಲೈ 30ರ ಬರಹವನ್ನು ನೋಡಿ. ಬೆಳಿಗ್ಗೆ 8 ಗಂಟೆಗೆ ಆಂಕರ್ ಲೇನ್ ಎಂಬ ಓಣಿಯ ಒಂದು ನೆಲಮಾಳಿಗೆಯಲ್ಲಿ ಗೆಳೆಯರೆಲ್ಲ ಸೇರಿ, ಮೇಣದ ಬತ್ತಿಯ ಬೆಳಕಿನಲ್ಲಿ, ಮದ್ಯದ ಪೀಪಾಯಿಗಳನ್ನೇ ಮೇಜು ಮಾಡಿಕೊಂಡು, ಅರ್ಧ ಬುಶೆಲ್ ಆಯ್‌ಸ್ಟರ್ ಸಿಂಪಿಗಳನ್ನು ಈರುಳ್ಳಿಯ ಜೊತೆ ತಿಂದು ಮುಗಿಸಿದರಂತೆ; ಕುಡಿಯಲು ಕೆಂಪು ಏಲ್, ಕ್ಲಾರೆಟ್, ಮಸ್ಕಡೆಲ್, ಮಾಮ್ಸಿ; ಎಲ್ಲವೂ ಪುಕ್ಕಟೆ. ತಿಂದವರ ಹೆಸರುಗಳನ್ನು ಹೇಳುತ್ತ ಹೇಳುತ್ತ ತನ್ನ ಸರದಿ ಬಂದಾಗ, ಹೆಸರನ್ನು ಹಿಂದುಮುಂದು ಮಾಡಿ, ಫ್ರೆಂಚ್ ಠೀವಿ ಕೊಟ್ಟು, ‘ಮೊನ್ಸೆರ್ ದ ಮೇಚಿನ್ ದ ಹೆನ್ರಿ’ ಎಂದು ಬರೆದಿದ್ದಾನೆ. ನೂರಾರು ಪುಟಗಳ ಶವಯಾತ್ರೆಗಳ ನಡುವೆ ಆತ ನಕ್ಕದ್ದು ಕೇಳಿಸುವುದು ಇಲ್ಲಿ. ಇಲ್ಲಿಯೂ ಗಮನಿಸಿ: ಸಿಂಪಿಯ ಅಳತೆ ಬಿಟ್ಟಿಲ್ಲ, ಗಂಟೆ ಬಿಟ್ಟಿಲ್ಲ.

ಪ್ರಶ್ನೆ: ಆರನೇ ಎಡ್ವರ್ಡ್ ದೊರೆಯೂ ದಿನಚರಿ ಬರೆದಿದ್ದನೆಂದು ಓದಿದ್ದೇನೆ. ದೊರೆಯ ದಿನಚರಿಯೇ ಇರುವಾಗ ವ್ಯಾಪಾರಿಯದರಿಂದ ನಮಗೆ ಹೆಚ್ಚಾಗಿ ಸಿಗುವುದೇನು?

ಉತ್ತರ: ಇಬ್ಬರೂ ಒಂದೇ ದಿನದ ಬಗ್ಗೆ ಬರೆದದ್ದನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಉತ್ತರ ಸಿಗುತ್ತದೆ. 1552ರ ಜನವರಿ 22ರಂದು ಲಂಡನ್ನಿನ ಟವರ್ ಹಿಲ್‌ನಲ್ಲಿ ಸಾಮರ್ಸೆಟ್‌ನ ಡ್ಯೂಕ್‌ನನ್ನು ಶಿರಚ್ಛೇದ ಮಾಡಲಾಯಿತು. ಈತ ಎಡ್ವರ್ಡನ ಸೋದರಮಾವ. ದೊರೆ ಬಾಲಕನಾಗಿದ್ದಾಗ ಕೆಲಕಾಲ ರಾಜ್ಯಭಾರವನ್ನೆಲ್ಲ ನಡೆಸಿದವನು. ಆಗ ಎಡ್ವರ್ಡನಿಗೆ 14 ವರ್ಷ. ಅಂದು ಬೆಳಿಗ್ಗೆ 8ರಿಂದ 9ರ ನಡುವೆ ಟವರ್ ಹಿಲ್‌ನಲ್ಲಿ ಡ್ಯೂಕ್‌ನ ತಲೆ ಕಡಿಯಲಾಯಿತು ಎಂಬ ಒಂದೇ ಒಂದು ವಾಕ್ಯ ಅವನ ದಿನಚರಿಯಲ್ಲಿದೆ. ಆ ವಾಕ್ಯದ ಚಳಿಯನ್ನು ಕುರಿತು ವಿದ್ವಾಂಸರು ಪುಟಗಟ್ಟಲೆ ಬರೆದಿದ್ದಾರೆ: ಹುಡುಗನಿಗೆ ಕರುಳೇ ಇರಲಿಲ್ಲವೇ, ಸುತ್ತಲಿನವರು ಓದಿಯಾರೆಂಬ ಎಚ್ಚರವೇ, ಅಥವಾ ಬರೆಯುವ ಕ್ರಮವೇ ಹಾಗಿತ್ತೇ ಎಂದು. ನನಗೆ ಕೊನೆಯದೇ ಹೆಚ್ಚು ಸರಿ ಎನ್ನಿಸುತ್ತದೆ, ಏಕೆಂದರೆ ಮೇಚಿನ್ ಕೂಡ ತನ್ನ ಬಗ್ಗೆ ಬರೆಯುವುದಿಲ್ಲ.

ಆದರೆ ಮೇಚಿನ್ ಅದೇ ಬೆಳಗಿನ ಬಗ್ಗೆ ಬರೆದದ್ದು ಉದ್ದವಾಗಿದೆ. ಜನ ಕಿಕ್ಕಿರಿದು ನೆರೆದಿದ್ದರು. ಈಟಿಗೊಡಲಿ ಹಿಡಿದ ಕಾವಲಿನವರಿದ್ದರು. ಡ್ಯೂಕ್ ಸಾಯುವ ಸ್ವಲ್ಪ ಮೊದಲು ಇದ್ದಕ್ಕಿದ್ದಂತೆ ತೋಪು ಹಾರಿದಂತೆ, ದೊಡ್ಡ ಕುದುರೆಗಳು ನುಗ್ಗಿ ಬಂದಂತೆ ಗುಡುಗುಡು ಸದ್ದಾಯಿತು. ಒಂದು ಕಡೆಯವರು ಇನ್ನೊಂದು ಕಡೆ ಕೊಲೆ ನಡೆಯುತ್ತಿದೆ ಎಂದುಕೊಂಡರು. ಸಾವಿರ ಜನ ಒಬ್ಬರ ಮೇಲೊಬ್ಬರು ನೆಲಕ್ಕೆ ಬಿದ್ದರು, ಕೆಲವರು ಕೋಟೆಯ ಕಂದಕಕ್ಕೇ ಬಿದ್ದರು, ಕೆಲವರು ಓಡಿಹೋದರು. ಲಂಡನ್ನಿನ ಇತಿಹಾಸ ಬರೆದ ಜಾನ್ ಸ್ಟೋ ಕೂಡ ಅಂದು ಅಲ್ಲಿದ್ದ. ಕಾವಲಿಗೆಂದು ಕರೆಸಿದ್ದ ಸುತ್ತಲಿನ ಹಳ್ಳಿಗಳ ಜನ ತಡವಾಗಿ ಬಂದು, ಓಡುತ್ತ ಕೂಗಾಡಿದ್ದೇ ಗಾಬರಿಗೆ ಕಾರಣ ಎಂದು ಆತ ವಿವರಿಸುತ್ತಾನೆ. ದೊರೆ ಬರೆದದ್ದು ತೀರ್ಪು ಜಾರಿಯಾಯಿತು ಎಂಬುದನ್ನು; ಮೇಚಿನ್ ಬರೆದದ್ದು ಜಾರಿಯಾದಾಗ ಜನಕ್ಕೆ ಏನಾಯಿತು ಎಂಬುದನ್ನು. ಒಂದು ಸದ್ದಿಗೆ ಸಾವಿರ ಜನ ಬೀಳುತ್ತಾರೆಂದರೆ ಆ ಊರು ಎಷ್ಟು ಅಂಜಿಕೊಂಡು ನಿಂತಿತ್ತು ಎಂಬುದು ಯಾವ ಸರಕಾರಿ ದಾಖಲೆಯಲ್ಲೂ ಬರುವುದಿಲ್ಲ.

ಈ ಮರಣದಂಡನೆಯ ವರ್ಷವನ್ನು ಕೆಲವು ಪುಸ್ತಕಗಳು 1551 ಎಂದು ಕೊಡುವುದೇಕೆ ಎಂದೂ ಇದೇ ಓದುಗರು ಕೇಳಿದ್ದಾರೆ. ಅಂದಿನ ಇಂಗ್ಲೆಂಡಿನಲ್ಲಿ ಕಾನೂನಿನ ಪ್ರಕಾರ ಹೊಸ ವರ್ಷ ಮೊದಲಾಗುತ್ತಿದ್ದುದು ಮಾರ್ಚ್ 25ಕ್ಕೆ. ಅವರ ಲೆಕ್ಕದಲ್ಲಿ ಜನವರಿ ಇನ್ನೂ ಹಳೆಯ ವರ್ಷಕ್ಕೇ ಸೇರಿತ್ತು. ಆದ್ದರಿಂದ 1551/52 ಎಂದು ಎರಡನ್ನೂ ಕೊಡುವ ರೂಢಿ ಬಂದಿದೆ.

ಪ್ರಶ್ನೆ: ಮೇಚಿನ್ ಕ್ಯಾಥೊಲಿಕ್ ಪಕ್ಷಪಾತಿ ಎಂದು ಒಂದು ಪುಸ್ತಕದಲ್ಲಿದೆ. ಹಾಗಿದ್ದರೆ ಅವನ ಮಾತನ್ನು ನಂಬುವುದು ಹೇಗೆ?

ಉತ್ತರ: ಹಳೆಯ ಪೂಜಾಕ್ರಮದ ಕಡೆಗೆ ಅವನಿಗೆ ಒಲವಿತ್ತು ಎಂಬುದು ನಿಜ. ಮೇಣದ ಬತ್ತಿ, ಬಾವುಟ, ಸತ್ತವರಿಗಾಗಿ ಹಾಡುವ ಪೂಜೆ ಇವೆಲ್ಲ ಹಳೆಯ ಕ್ರಮದಲ್ಲಿ ವಿಜೃಂಭಿಸಿದವು. ಅವುಗಳ ಮೇಲೆ ಅವನ ಹೊಟ್ಟೆಪಾಡೂ ನಿಂತಿತ್ತು. ಒಲವು ಎಲ್ಲಿ ಇಣುಕುತ್ತದೆ ಎಂದು ಹುಡುಕಿದರೆ, ಅವನು ಸೇರಿಸಿದ ಮಾತಿಗಿಂತ ಯಾವುದಕ್ಕೆ ಎಷ್ಟು ಜಾಗ ಕೊಟ್ಟ ಎಂಬುದರಲ್ಲಿ ಅದು ಹೆಚ್ಚಾಗಿ ಸಿಗುತ್ತದೆ. ಮೇರಿಯ ಕಾಲದಲ್ಲಿ ಪ್ರಾಟೆಸ್ಟೆಂಟರನ್ನು ಸ್ಮಿತ್‌ಫೀಲ್ಡ್‌ನಲ್ಲಿ ಜೀವಂತ ಸುಟ್ಟದ್ದನ್ನು, 1555ರ ಫೆಬ್ರವರಿಯಲ್ಲಿ ಜಾನ್ ರಾಜರ್ಸ್‌ನಿಂದ ತೊಡಗಿ, ಅವನು ಬರೆಯುತ್ತಾನೆ, ಆದರೆ ಬಹಳ ಚುಟುಕಾಗಿ. ಸತ್ತವರ ಕೊನೆಯ ಮಾತುಗಳಿಗೆ ಜಾನ್ ಫಾಕ್ಸ್‌ನ ಬೃಹತ್ ಗ್ರಂಥವನ್ನೇ ನೋಡಬೇಕು. ಆದರೆ 1554ರ ಏಪ್ರಿಲ್ 8ರಂದು ಯಾರೋ ಕಿಡಿಗೇಡಿಗಳು ಒಂದು ಸತ್ತ ಬೆಕ್ಕಿಗೆ ಪಾದ್ರಿಯ ಪೂಜಾವಸ್ತ್ರದಂಥ ಬಟ್ಟೆ ತೊಡಿಸಿ, ಅದರ ನೆತ್ತಿ ಬೋಳಿಸಿ, ಕಟ್ಟಿದ ಮುಂಗಾಲುಗಳ ನಡುವೆ ಪ್ರಸಾದದ ರೊಟ್ಟಿಯಂತೆ ದುಂಡಗೆ ಕತ್ತರಿಸಿದ ಕಾಗದ ಸಿಕ್ಕಿಸಿ, ಚೀಪ್‌ಸೈಡ್‌ನ ಗಲ್ಲುಮರಕ್ಕೆ ನೇತುಹಾಕಿದಾಗ, ಆ ಬೆಕ್ಕಿನ ವೇಷವನ್ನು ಅವನು ಎಳೆ ಎಳೆಯಾಗಿ ಬಣ್ಣಿಸುತ್ತಾನೆ. ಮನುಷ್ಯರ ಸಾವಿಗೆ ಒಂದು ಸಾಲು, ಬೆಕ್ಕಿಗೆ ಒಂದು ಪ್ಯಾರಾ ಎಂದು ಸಿಟ್ಟಾಗುವವರ ಬಗ್ಗೆ ನನಗೆ ಆಕ್ಷೇಪವಿಲ್ಲ. ಬಟ್ಟೆ, ಕಾಗದ, ಕಂಬ ಇವು ಅವನ ಕಸುಬಿನ ವಸ್ತುಗಳು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಷ್ಟೆ. ನಗರದ ಮಟ್ಟಿಗೆ ಆ ಬೆಕ್ಕು ಸಣ್ಣ ಸುದ್ದಿಯೂ ಆಗಿರಲಿಲ್ಲ. ಅದನ್ನು ಸೇಂಟ್ ಪಾಲ್ಸ್ ಚರ್ಚಿನ ಅಂಗಳದಲ್ಲಿ, ಪ್ರವಚನ ನಡೆಯುವಾಗ, ಜನರಿಗೆ ಎತ್ತಿ ತೋರಿಸಲಾಯಿತು.

ಇನ್ನು ಒಲವು ಅವನ ಕೈಯನ್ನು ಎಳೆಯದ ಕಡೆಗಳೂ ಇವೆ. 1553ರ ಜುಲೈ 10ರಂದು ಜೇನ್ ಗ್ರೇಯನ್ನು ರಾಣಿ ಎಂದು ಸಾರಿದಾಗ, ಹಕ್ಕು ಮೇರಿಯದು ಎಂದು ಬಾಯಿಬಿಟ್ಟ ಯುವಕನೊಬ್ಬನನ್ನು ಮರುದಿನ ಬೆಳಿಗ್ಗೆ 8 ಗಂಟೆಗೆ ತಲೆಹಲಗೆಗೆ, ಅಂದರೆ ತಲೆ ಮತ್ತು ಕೈ ತೂರಿಸಿ ಜನರೆದುರು ನಿಲ್ಲಿಸುವ ಮರದ ಚೌಕಟ್ಟಿಗೆ, ಸಿಕ್ಕಿಸಿ, ಎರಡೂ ಕಿವಿ ಕತ್ತರಿಸಿದರು. ಒಬ್ಬ ಹೆರಾಲ್ಡ್ ಇದ್ದ, ಒಬ್ಬ ಕಹಳೆಯವನು ಊದುತ್ತಿದ್ದ ಎಂಬುದನ್ನೂ ಮೇಚಿನ್ ಬಿಡುವುದಿಲ್ಲ. ಜುಲೈ 19ರಂದು ಮೇರಿಯ ಹೆಸರು ಸಾರಿದಾಗ ಗಂಟೆಗಳು ಮೊಳಗಿದವು, ಬೀದಿಬೀದಿಯಲ್ಲಿ ಬೆಂಕಿ ಹಾಕಿ ಮೇಜು ಇಟ್ಟು ಕುಡಿದರು, ದುಡ್ಡು ತೂರಿದರು ಎಂದು ಬರೆದ. 1558ರ ನವೆಂಬರ್ 17ರಂದು ಮೇರಿ ತೀರಿಕೊಂಡು ಎಲಿಜಬೆತ್ ಹೆಸರು ಸಾರಿದಾಗಲೂ ಹೆಚ್ಚುಕಡಿಮೆ ಅದೇ ಮಾತು: ಮಧ್ಯಾಹ್ನ ಚರ್ಚುಗಳ ಗಂಟೆ, ರಾತ್ರಿ ಬೀದಿಯಲ್ಲಿ ಬೆಂಕಿ, ಮೇಜು, ಊಟ, ಕುಡಿತ, ಹೊಸ ರಾಣಿಗಾಗಿ ಸಂತೋಷ. ಆ ಸಂತೋಷದಲ್ಲಿ ಮನಸ್ಸಿನದೆಷ್ಟು, ಮೇಯರನ ಆಜ್ಞೆಯದೆಷ್ಟು ಎಂದು ಅವನು ಹೇಳುವುದಿಲ್ಲ. ಎರಡೂ ಸಲ ಮೇಜುಗಳು ಬೀದಿಗೆ ಬಂದವು ಎನ್ನುತ್ತಾನೆ.

ಸಂಖ್ಯೆಗಳ ವಿಷಯದಲ್ಲಿ ಒಂದು ಎಚ್ಚರಿಕೆ. ‘12 ಪಂಜು’ ಎಂದರೆ ಅವನು ಎಣಿಸಿದ್ದು. ‘ಸಾವಿರ ಜನ’ ಎಂದರೆ ಲೆಕ್ಕವಿಲ್ಲದಷ್ಟು ಜನ ಎಂದಷ್ಟೇ ಅರ್ಥ. 1551ರ ಜುಲೈಯಲ್ಲಿ ‘ಬೆವರು ಜ್ವರ’ ಎಂಬ ಮಾರಿಗೆ 8ರಿಂದ 19ನೇ ತಾರೀಕಿನವರೆಗೆ ಲಂಡನ್ನಿನಲ್ಲಿ 872 ಮಂದಿ ಸತ್ತರು, ‘ಒಟ್ಟು ಇಷ್ಟೇ, ಹೆಚ್ಚಿಲ್ಲ’ ಎಂದು ಬರೆಯುವಾಗ ಅದು ಬೀದಿಯಲ್ಲಿ ನಿಂತು ಎಣಿಸಿದ್ದೂ ಅಲ್ಲ, ಬಾಯಿಮಾತಿನ ಅಂದಾಜೂ ಅಲ್ಲ. ನಗರದಲ್ಲಿ ಓಡಾಡುತ್ತಿದ್ದ ಅಧಿಕೃತ ಲೆಕ್ಕವನ್ನು ಅವನು ಎತ್ತಿಕೊಂಡದ್ದು. ಈ ಮೂರು ಬಗೆಯನ್ನು ಬೇರೆ ಬೇರೆ ಮಾಡಿಕೊಂಡು ಓದಿದರೆ ಅವನು ನಂಬಿಕಸ್ಥ. ಕೇಳಿದ ಮಾತು ಕೈಕೊಡುತ್ತದೆ ಎಂಬುದಕ್ಕೆ ಅವನೇ ಬಲಿಯಾದ. ವೆರೋನ್ ಎಂಬ ಫ್ರೆಂಚ್ ಮೂಲದ ಪ್ರಾಟೆಸ್ಟೆಂಟ್ ಪ್ರವಚನಕಾರ ಹೆಣ್ಣೊಬ್ಬಳ ಜೊತೆ ಸಿಕ್ಕಿಬಿದ್ದ ಎಂದು ಇನ್ನೊಂದು ಚರ್ಚಿನ ಗುಮಾಸ್ತ ಹೇಳಿದ್ದನ್ನು ಮೇಚಿನ್ ಊರಿಗೆ ಹಂಚಿದ. 1561ರ ನವೆಂಬರ್ 23ರಂದು ಸೇಂಟ್ ಪಾಲ್ಸ್ ಅಂಗಳದಲ್ಲಿ ಪ್ರವಚನ ಮುಗಿಯುವವರೆಗೆ ಎಲ್ಲರೆದುರು ಕೂತು ತಪ್ಪೊಪ್ಪಿಗೆಯ ಶಿಕ್ಷೆ ಅನುಭವಿಸಿದ. ಇದನ್ನೂ ಬರೆದಿದ್ದಾನೆ, ಬೇರೆ ಯಾರದೋ ಸುದ್ದಿ ಎಂಬಂತೆ: ಹ್ಯಾರಿ ಮೇಚಿನ್ ಎಂಬವನು ವೆರೋನ್‌ನ ಮುಂದೆ ಮೊಣಕಾಲೂರಿದ, ಅವನಿಗೆ ದೊಡ್ಡ ಮನುಷ್ಯರ ಸ್ನೇಹವಿದ್ದರೂ ಕ್ಷಮಿಸಲಿಲ್ಲ ಎಂದು.

ಪ್ರಶ್ನೆ: ಮೂಲ ಹಸ್ತಪ್ರತಿ ಈಗ ಎಲ್ಲಿದೆ? ಮುದ್ರಿತ ಪುಟಗಳಲ್ಲಿ ಇಷ್ಟೊಂದು ಆವರಣ ಚಿಹ್ನೆಗಳು ಏಕೆ?

ಉತ್ತರ: ಅದು ಸರ್ ರಾಬರ್ಟ್ ಕಾಟನ್ ಕೂಡಿಹಾಕಿದ ಹಸ್ತಪ್ರತಿ ಸಂಗ್ರಹಕ್ಕೆ ಸೇರಿ, ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಕಾಟನ್‌ನ ಕಪಾಟುಗಳ ಮೇಲೆ ರೋಮನ್ ಚಕ್ರವರ್ತಿಗಳ ಮೂರ್ತಿಗಳಿದ್ದವು, ಪುಸ್ತಕಗಳ ಗುರುತೂ ಆ ಹೆಸರುಗಳಿಂದಲೇ. ಎಡ್ವರ್ಡ್ ದೊರೆಯ ದಿನಚರಿ ನೀರೋ ಕಪಾಟಿನದು, ಮೇಚಿನ್‌ನದು ವಿಟೆಲಿಯಸ್ ಕಪಾಟಿನದು. 1731ರ ಅಕ್ಟೋಬರ್‌ನಲ್ಲಿ ಆ ಸಂಗ್ರಹವಿದ್ದ ಆಷ್‌ಬರ್ನ್‌ಹ್ಯಾಮ್ ಹೌಸ್‌ಗೆ ಬೆಂಕಿ ಬಿದ್ದು, ಮೇಚಿನ್‌ನ ಹಾಳೆಗಳ ಅಂಚುಗಳು ಸುಟ್ಟು, ಹಾಳೆಗಳು ಬಿಡಿಬಿಡಿಯಾದವು. 19ನೇ ಶತಮಾನದಲ್ಲಿ ಬ್ರಿಟಿಷ್ ಮ್ಯೂಸಿಯಂನಲ್ಲಿ ಅವನ್ನು ಕ್ರಮವಾಗಿ ಜೋಡಿಸಿದರು. ಅದೃಷ್ಟಕ್ಕೆ, ಬೆಂಕಿಗೆ ಮುಂಚೆ, ಜಾನ್ ಸ್ಟ್ರೈಪ್ ಎಂಬ ಚರ್ಚ್ ಇತಿಹಾಸಕಾರ ತನ್ನ 1721ರ ಗ್ರಂಥಕ್ಕಾಗಿ ಈ ಹಸ್ತಪ್ರತಿಯಿಂದ ಬೇಕಾದಷ್ಟು ಎತ್ತಿಕೊಂಡಿದ್ದ. ನಿಕೊಲ್ಸ್ ಸುಟ್ಟ ಜಾಗಗಳನ್ನು ಸ್ಟ್ರೈಪ್‌ನ ನೆರವಿನಿಂದಲೂ ಊಹೆಯಿಂದಲೂ ತುಂಬಿ, ತುಂಬಿದ್ದನ್ನೆಲ್ಲ ಆವರಣದಲ್ಲಿಟ್ಟ. ಮಿಶಿಗನ್ ವಿಶ್ವವಿದ್ಯಾಲಯದ ಮೂಲಕ ಬಂದ ಹೊಸ ಆವೃತ್ತಿ ಹಸ್ತಪ್ರತಿಯ ಪುಟಗಳ ಚಿತ್ರ, ಪಠ್ಯ, ಆಧುನಿಕ ಇಂಗ್ಲಿಷ್ ರೂಪ ಮೂರನ್ನೂ ಕೊಡುತ್ತದೆ. ಮೊದಲ ಸಲ ಓದುವವರು ಅಲ್ಲಿಂದ ಶುರುಮಾಡುವುದು ಸುಲಭ.

ಕಾಗುಣಿತವನ್ನು ನೋಡಿ ಹೆದರಬೇಡಿ. ಮೇಚಿನ್ ಕಿವಿಗೆ ಕೇಳಿದಂತೆ ಬರೆದವನು. ‘ಹಾಫ್’ ಎಂಬಲ್ಲಿ ಹಕಾರ ಬಿಟ್ಟು ‘ಆಫ್’ ಎಂದು ಬರೆದಿದ್ದಾನೆ, ಅಂಕಿಗಳೆಲ್ಲ ರೋಮನ್. ಅವನು ಹೇಗೆ ಮಾತಾಡುತ್ತಿದ್ದ ಎಂದು ತಿಳಿಯಲು ಭಾಷಾಶಾಸ್ತ್ರಜ್ಞರು ಇದೇ ತಪ್ಪುಗಳನ್ನು ಹೆಕ್ಕುತ್ತಾರೆ. ಗಟ್ಟಿಯಾಗಿ ಓದಿಕೊಂಡರೆ ಬಹುಪಾಲು ಅರ್ಥವಾಗುತ್ತದೆ. ಮೊದಲು 1557ರ ಸಿಂಪಿಗಳ ಬರಹ ಓದಿ, ಆಮೇಲೆ 1554ರ ಗಲ್ಲುಮರಗಳ ಪಟ್ಟಿ, ಶವಯಾತ್ರೆಗಳಿಗೆ ಅವಸರವಿಲ್ಲ. ಯಾವುದನ್ನು ಓದುವಾಗಲೂ ಆವರಣದ ಒಳಗಿನ ಮಾತನ್ನು ಮೇಚಿನ್‌ನದೆಂದು ಉಲ್ಲೇಖಿಸಬೇಡಿ. ಅದು ಸ್ಟ್ರೈಪ್‌ನದೋ ನಿಕೊಲ್ಸ್‌ನದೋ ಆಗಿರಬಹುದು.